ಅಪ್‌ಡೇಟ್: ಮ್ಯಾಪಿಯಲ್ಲಿ ಮೇಲ್ ಓದುವ ತೊಂದರೆ ಬಗೆಹರಿಯಿತು

ಮ್ಯಾಪಿ (MAPI) ಅಂದರೆ ವಿಂಡೋಸ್ ಪ್ರೋಗ್ರಾಂನಿಂದ ಮೇಲ್ ಕಳಿಸಲು, ಓದಲು ಇರುವ ಫಂಕ್ಷನ್‌ಗಳ ಗುಂಪು. ಅದರಲ್ಲಿ ಮೇಲ್‌ಗೆ ಲಾಗಿನ್ ಮಾಡುವ ಮ್ಯಾಪಿಲಾಗಾನ್ ಸರಿಯಾಗಿ ನಡೆದರೂ, ಮುಂದಿನ ಮೇಲ್ ಹುಡುಕಿ ಅದರ ಮೆಸೇಜ್ ಐಡಿ (ಗುರುತು) ಕೊಡುವ ಮ್ಯಾಪಿಫೈಂಡ್‌ನೆಕ್ಸ್ಟ್ ಕರೆದ ಕೂಡಲೇ ನನ್ನ ಪ್ರೋಗ್ರಾಂ ಕ್ರ್ಯಾಶ್ ಆಗುತ್ತಿದೆ ಎಂದು ಇಲ್ಲಿ ಕೇಳಿದ್ದೆ. ಈಗ ಸರಿಹೋಗಿದೆ.

ಕೆಲಸಕ್ಕೆ ಬಂದದ್ದು ಬಫರ್ (ಐಡಿ ಬರೆದುಕೊಳ್ಳಲು ಮೆಮೊರಿಯಲ್ಲಿ ಕೊಡುವ ಜಾಗ) ಬಗ್ಗೆ ಬಂದ ಸಲಹೆ. ಮೆಸೇಜ್ ಐಡಿಗೆ 64 ಅಕ್ಷರ ಸಾಲದೆ ಹೋಗಬಹುದು, 512 ಅಕ್ಷರದ ಜಾಗ ಕೊಟ್ಟು ಲಾಂಗ್ ಮೆಸೇಜ್ ಐಡಿ ಫ್ಲ್ಯಾಗ್ (ಫಂಕ್ಷನ್ ಕರೆಯುವಾಗ ಕೊಡುವ ಆಯ್ಕೆ) ಹಾಕಿ ಎಂದು ಉತ್ತರ ಕೊಟ್ಟವರು ಹೇಳಿದ್ದರು. ಹಾಕಿದ ತಕ್ಷಣ ಇನ್‌ಬಾಕ್ಸ್ ಪೂರ್ತಿ ಓದಲು ಬಂತು! ಲಾಗಾನ್‌ನಲ್ಲಿ ಹೊಸ ಸೆಷನ್ ತೆರೆಯುವ ಸಲಹೆಯಿಂದ ಏನೂ ಬದಲಾಗಲಿಲ್ಲ.

ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ಮ್ಯಾಪಿರೀಡ್‌ಮೇಲ್ ಸುಮ್ನೆ ಮೇಲ್ ಓದಿ ಮುಗಿಸುವುದಿಲ್ಲ, ಅಟ್ಯಾಚ್‌ಮೆಂಟ್‌ಗಳನ್ನೂ ಟೆಂಪ್ (ತಾತ್ಕಾಲಿಕ) ಫೈಲ್ ಮಾಡಿ ಡಿಸ್ಕ್‌ಗೆ ಬರೆಯುತ್ತದೆ. ಅವನ್ನು ಅಳಿಸುವ ಕೆಲಸ ನಮ್ಮದೇ. ಅಟ್ಯಾಚ್‌ಮೆಂಟ್ ಬೇಡವಾದರೆ ಸಪ್ರೆಸ್ ಅಟ್ಯಾಚ್ ಫ್ಲ್ಯಾಗ್ ಇದೆ. ಓದಿದ ಮೇಲ್ ಎಂದು ಗುರುತು ಬೀಳಬಾರದು ಅಂದರೆ ಪೀಕ್ ಫ್ಲ್ಯಾಗನ್ನೂ ಸೇರಿಸಿ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.