ಮಕ್ಕಳ ಹಲ್ಲಿಗೆ ಕ್ಲಿಪ್ ಯಾವಾಗ? ಡಾಕ್ಟರನ್ನು ಕೇಳಿ

ಹಾಸನದ ತಾಯಿ: ಡಾಕ್ಟರೇ, 8 ವರ್ಷದ ಮಗಳ ಮೇಲಿನ ಎರಡು ಮುಂಬಲ್ಲುಗಳ ನಡುವೆ ಸಂದಿಯಿದೆ. ಕ್ಲಿಪ್ ಹಾಕಿಸಬೇಕೇ?

ಡಾಕ್ಟರ್: ಈಗ ಬೇಡಮ್ಮ. 11-12ಕ್ಕೆ ಕೋರೆಹಲ್ಲು ಇಳಿದಾಗ ಬಹುತೇಕ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. 7ರ ಸುಮಾರಿಗೆ ಒಮ್ಮೆ ತೋರಿಸಿ ಎನ್ನುತ್ತೇವೆ, ಆಗಲೇ ಹಾಕಿಸಿ ಎಂದಲ್ಲ.

ಶಿವಮೊಗ್ಗದ ತಂದೆ: 7 ವರ್ಷದ ಮಗ ಬಾಯಿ ಮುಚ್ಚಿದರೆ ಕೆಳಗಿನ ಹಲ್ಲುಗಳೇ ಮುಂದೆ ಬರುತ್ತವೆ. ಅವನ ತಾತನಿಗೂ ಹಾಗೆಯೇ ಇತ್ತು.

ಡಾಕ್ಟರ್: ಇದನ್ನು ಮಾತ್ರ ಮುಂದೂಡಬೇಡಿ. ಮೇಲ್ದವಡೆಯನ್ನು ಮುಂದಕ್ಕೆಳೆಯುವ ಸಾಧನ 10 ವರ್ಷದೊಳಗೆ ಚೆನ್ನಾಗಿ ಫಲ ಕೊಡುತ್ತದೆ. ವಂಶದಲ್ಲೇ ಇದ್ದರೆ ಬೆಳವಣಿಗೆ ಮುಗಿಯುವವರೆಗೂ ಗಮನಿಸುತ್ತಿರಬೇಕು.

ತುಮಕೂರಿನ ಸದಸ್ಯೆ: ಸಂದಿಗೆ ಸುಲಭ ಉಪಾಯ, ನನಗೆ ಬಂದದ್ದನ್ನು ಹಾಕಿದ್ದೇನೆ: ಎರಡೂ ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿ, 15 ದಿನದಲ್ಲಿ ಸಂದಿ ಮಾಯ.

ಡಾಕ್ಟರ್: ಅಳಿಸಿ.

ಮಂಡ್ಯದ ತಾಯಿ: ನಾನು ಹಾಗೆಯೇ ಮಾಡಿದ್ದೆ. ಮಗನಿಗೆ 9 ವರ್ಷ. ಬ್ಯಾಂಡ್ ಬಿದ್ದುಹೋಗಿದೆ. ಆದರೆ ಹಲ್ಲು ಸ್ವಲ್ಪ ಅಲುಗಾಡುತ್ತಿದೆ.

ಡಾಕ್ಟರ್: ಬಿದ್ದದ್ದನ್ನು ಕಣ್ಣಾರೆ ಕಂಡಿರಾ? ಹಲ್ಲು ಬೇರಿನ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಬ್ಯಾಂಡ್ ಅದರ ಗುಂಟ ಜಾರಿ ಒಸಡಿನೊಳಗೆ ಸೇರಿಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಬೇರನ್ನು ಹಿಡಿದ ಮೂಳೆ ಕರಗುತ್ತಿರುತ್ತದೆ. ಹೀಗೆ ಎರಡೂ ಶಾಶ್ವತ ಹಲ್ಲುಗಳನ್ನು ಕಳೆದುಕೊಂಡ ಮಕ್ಕಳಿದ್ದಾರೆ. ಎಕ್ಸ್-ರೇಯಲ್ಲಿ ಕರಗಿದ ಮೂಳೆ ಕಂಡರೂ ರಬ್ಬರ್ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಬ್ಯಾಂಡ್ ಹಾಕಿದ್ದನ್ನು ನೀವೇ ಹೇಳಬೇಕು. ಸಂಕೋಚಪಟ್ಟು ಮುಚ್ಚಿಟ್ಟರೆ ಒಸಡಿನ ರೋಗವೆಂದು ಔಷಧಿ ಕೊಟ್ಟು ಕಳಿಸಿಯಾರು. ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ. ಇಂದೇ ಹೋಗಿ.

ದಾವಣಗೆರೆಯ ಸದಸ್ಯ: ಹೆದರಿಸಿದರೆ ತಾನೇ ಕ್ಲಿನಿಕ್ ತುಂಬುವುದು! ನಮ್ಮಜ್ಜಿಗೆ ಕ್ಲಿಪ್ಪೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ.

ಹಾಸನದ ತಾಯಿ: ಮೊದಲ ಪ್ರಶ್ನೆ ನನ್ನದೇ, ಕ್ಲಿಪ್ ಬೇಡ ಎಂದೇ ಹೇಳಿದರು. ಓದದೆ ಬರೆಯಬೇಡಿ.

ದಾವಣಗೆರೆಯ ಸದಸ್ಯ: ನಿಮ್ಮನ್ನು ಯಾರು ಕೇಳಿದರು?

ತುಮಕೂರಿನ ಸದಸ್ಯೆ: ನಾನು ಒಳ್ಳೆಯದಕ್ಕೇ ಹಾಕಿದ್ದು. ಎಲ್ಲರೂ ನನ್ನ ಮೇಲೇ ಬೀಳುತ್ತಿದ್ದೀರಿ.

ಧಾರವಾಡದ ತಂದೆ: 5 ವರ್ಷದ ಮಗಳು ಇನ್ನೂ ಹೆಬ್ಬೆರಳು ಚೀಪುತ್ತಾಳೆ. ಬೇವಿನೆಣ್ಣೆ ಹಚ್ಚಬಹುದೇ?

ಉಡುಪಿಯ ತಾಯಿ: ಡಾಕ್ಟರೇ, ಮಗನ ಮುಂದಿನ ಹಲ್ಲುಗಳ ನಡುವೆ ಸಂದಿ. 8 ವರ್ಷ.

ಡಾಕ್ಟರ್: ಮೊದಲ ಉತ್ತರ ಓದಿ.

ತುಮಕೂರಿನ ಸದಸ್ಯೆ: ಅಳಿಸಿದ್ದೇನೆ. ಸಾಕೇ?

ಡಾಕ್ಟರ್: ಎಷ್ಟು ಗುಂಪುಗಳಿಗೆ ಕಳಿಸಿದ್ದಿರೋ ಅಲ್ಲೆಲ್ಲ ಅಳಿಸಿ. ಮಂಡ್ಯದವರು ಹೊರಟಿರಾ?

ಮಂಡ್ಯದ ತಾಯಿ: ನಾಳೆಯಿಂದ ಅವನಿಗೆ ಪರೀಕ್ಷೆ. ಗುರುವಾರ ಹೋದರೆ ನಡೆಯುವುದೇ?

ಡಾಕ್ಟರ್: ನಾಲ್ಕನೇ ತರಗತಿಯ ಪರೀಕ್ಷೆಗೋಸ್ಕರವೇ? ಇಂದೇ ಎಂದೆನಲ್ಲ.