ಮನೆ ಅಂಗಳದ ಮದುವೆ: ಫೋಟೋದವರಿಗೆ ಮೊದಲೇ ಏನು ಹೇಳಬೇಕು?

ಕೇಳಿದ್ದು: ಮೇ ತಿಂಗಳಲ್ಲಿ ತಂಗಿಯ ಮದುವೆ. ಸಿರ್ಸಿ ಹತ್ತಿರ ನಮ್ಮ ಅಂಗಳದಲ್ಲೇ ಚಪ್ಪರ, ಹವ್ಯಕ ಪದ್ಧತಿ. ಮಾರನೇ ದಿನ ಕಾರವಾರದಲ್ಲಿ ಗಂಡಿನ ಮನೆಯವರ ಆರತಕ್ಷತೆ. ಫೋಟೋದವರು ಹುಬ್ಬಳ್ಳಿಯಿಂದ ಬರ್ತಾರೆ, ನಮ್ಮ ಶಾಸ್ತ್ರ ಅವರಿಗೆ ಗೊತ್ತಿಲ್ಲ. ನಾಂದಿಯಿಂದ ಹೆಣ್ಣು ಒಪ್ಪಿಸುವವರೆಗೆ ಯಾವುದೂ ತಪ್ಪಿ ಹೋಗಬಾರದು. ಅನುಭವ ಇದ್ದವರು ಹೇಳಿ.

ಸಿದ್ದಾಪುರದಿಂದ: ಕಳೆದ ವರ್ಷ ಅಣ್ಣನ ಮಗಳ ಮದುವೆ ಮಾಡಿದೆವು. ಮೊದಲು ಫೋಟೋದವರನ್ನೂ ಭಟ್ರನ್ನೂ ಮಾತಾಡಿಸಿ. ನೆಟ್‌ನಲ್ಲಿ ಸಿಗುವ ಪಟ್ಟಿ ಬೇರೆ ಊರಿನ ಮದುವೆಯದ್ದು. ಯಾವುದರ ನಂತರ ಯಾವುದು, ಯಾರು ಯಾವ ಕಡೆ ಮುಖ ಮಾಡಿ ಕೂರ್ತಾರೆ ಅನ್ನೋದು ಭಟ್ರಿಗೇ ಗೊತ್ತು.

ಅಂತರ್ಪಟ ಸರಿಯುವ ಹೊತ್ತನ್ನೇ ತೆಗೆದುಕೊಳ್ಳಿ. ಮಂಗಳಾಷ್ಟಕ ಸಾವಕಾಶ ನಡೆಯುತ್ತಿರುತ್ತದೆ, ತೆರೆ ಸರಿಯೋದು ಮಾತ್ರ ಕಣ್ಣು ಮಿಟುಕಿಸುವುದರೊಳಗೆ. ವಾದ್ಯ ಜೋರಾಗುತ್ತದೆ, ಅಕ್ಷತೆ ಹಾಕಲು ಎಲ್ಲರೂ ಎದ್ದು ಮುಂದೆ ಬರ್ತಾರೆ. ಮಂಟಪದ ಎದುರು ನಿಂತ ಕ್ಯಾಮೆರಾಕ್ಕೆ ಸಿಗೋದು ಬರೀ ಬೆನ್ನು. ನಾವು ಮದುಮಗಳ ಹಿಂದೆ ಬದಿಗೆ ಒಬ್ಬರು, ಮದುಮಗನ ಹಿಂದೆ ಒಬ್ಬರು ಇರಲಿ ಅಂದಿದ್ದೆವು. ಇಬ್ಬರ ಮುಖವೂ ಸಿಕ್ಕಿತು. ಒಬ್ಬರೇ ಫೋಟೋದವರಿದ್ದರೆ ಮದುಮಗಳ ಮುಖ ಹಿಡಿಯಲಿ.

ಆಮೇಲೆ ಅರಳು ಹೋಮ. ತಮ್ಮ ಬಂದು ಅಕ್ಕನ ಬೊಗಸೆಗೆ ಅರಳು ಹಾಕ್ತಾನೆ, ಮದುಮಗ ಅವಳ ಕೈ ಹಿಡಿದಿರ್ತಾನೆ. ನಿಂತು ತೆಗೆದರೆ ಮೂವರ ನೆತ್ತಿ ಮಾತ್ರ ಬರುತ್ತದೆ. ಭಟ್ರನ್ನು ಕೇಳಿ, ಕುಂಡದ ಆಚೆ ನೆಲಕ್ಕೆ ಕೂತು ತೆಗೆಯಲಿ. ನಮ್ಮ ಆಲ್ಬಮ್ಮಿನಲ್ಲಿ ಬೆರಳ ಸಂದಿಯಿಂದ ಜಾರುತ್ತಿರುವ ಎರಡು ಅರಳೂ ಕಾಣುತ್ತವೆ, ಹೊಗೆಗೆ ಕಣ್ಣು ಕಿರಿದು ಮಾಡಿದ ತಮ್ಮನೂ ಕಾಣ್ತಾನೆ. ಮನೆಯವರೆಲ್ಲ ಮತ್ತೆ ಮತ್ತೆ ತೆಗೆದು ನೋಡೋದು ಅದನ್ನೇ.

ಹೆಣ್ಣು ಒಪ್ಪಿಸುವಾಗ ಹತ್ತಿರ ಬರಬೇಡಿ ಅಂತ ಖಡಾಖಂಡಿತವಾಗಿ ಹೇಳಿ. ದೂರದಿಂದ ಉದ್ದದ ಲೆನ್ಸಿನಲ್ಲಿ ತೆಗೆಯಬಹುದು. ನೆಂಟರ ಮನೆಯ ಮದುವೆಯೊಂದರಲ್ಲಿ ಫೋಟೋಕ್ಕಾಗಿ ಅದನ್ನು ಎರಡು ಸಲ ಮಾಡಿಸಿದರು. ಅಳುತ್ತಿದ್ದ ಅಮ್ಮನಿಗೆ 'ಈ ಕಡೆ ನೋಡಿ' ಅಂದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕುಮಟಾದಿಂದ, ಮದುವೆ ಫೋಟೋ ತೆಗೆಯುವವನು: ಸಿದ್ದಾಪುರದ ಅಕ್ಕ ಹೇಳಿದ್ದು ಸರಿ. ನಾನು ಚಪ್ಪರದ ಬಗ್ಗೆ ಹೇಳ್ತೇನೆ. ಮೇ ಅಂದರೆ ಮಳೆ ಭಯಕ್ಕೆ ನೀಲಿ ಟಾರ್ಪಾಲು ಹೊದೆಸ್ತಾರೆ. ಅದರಡಿ ಎಲ್ಲರ ಮುಖವೂ ನೀಲಿ. ಕಂಪ್ಯೂಟರಿನಲ್ಲಿ ಸರಿ ಮಾಡಬಹುದಲ್ವಾ ಅಂತ ಕೇಳ್ತಾರೆ. ಪೂರ್ತಿ ಆಗೋದಿಲ್ಲ. ಪಕ್ಕದಿಂದ ಬಿಸಿಲಿನ ಬೆಳಕೂ ಬರುತ್ತಿರುತ್ತದೆ. ಒಂದು ಕೆನ್ನೆಯ ನೀಲಿ ತೆಗೆದರೆ ಇನ್ನೊಂದು ಕೆನ್ನೆ ಹಳದಿಯಾಗುತ್ತದೆ. ಮಂಟಪದ ಮೇಲಾದರೂ ಬಿಳಿ ಟಾರ್ಪಾಲು ಹಾಕಿಸಿ, ಒಳಗೆ ಬಿಳಿ ಬಟ್ಟೆ ಕಟ್ಟಿಸಿ. ಫ್ಲ್ಯಾಶ್ ಬೆಳಕನ್ನು ಅದಕ್ಕೆ ಹೊಡೆದರೆ ಮೆತ್ತಗೆ ಕೆಳಗಿಳಿಯುತ್ತದೆ.

ಅಭಿಜಿನ್ ಮುಹೂರ್ತವಾದರೆ ಬಿಸಿಲು ನೆತ್ತಿ ಮೇಲೆ, ಚಪ್ಪರದ ಆಚೆ ಅಂಗಳ ಬೆಳ್ಳಗೆ ಉರಿಯುತ್ತದೆ. ಮಂಟಪದ ಹಿಂಬದಿ ಖಾಲಿ ಬಿಡಬೇಡಿ, ಅಡಿಕೆಯ ಸಿಂಗಾರ, ಮಾವಿನ ಸೊಪ್ಪು ಕಟ್ಟಿ ಮುಚ್ಚಿ. ಬಾಸಿಂಗದ ನೆರಳು ಕಣ್ಣಿಗೆ ಬೀಳುತ್ತದೆ, ಅದಕ್ಕೆ ಫೋಟೋದವರು ಸ್ವಲ್ಪ ತಗ್ಗಿ ತೆಗೆಯಬೇಕು.

ಕಾರವಾರದಿಂದ: ಟಾಗೋರ್ ಕಡಲತೀರದಲ್ಲಿ ಸಂಜೆ ಜೋಡಿ ಫೋಟೋ ಮಾಡಿಸೋದಾದರೆ, ಸೂರ್ಯ ಸಮುದ್ರದ ಕಡೆಗೇ ಇಳಿಯುತ್ತಾನೆ. ಸಮುದ್ರ ಹಿಂದೆ ಬಂದರೆ ಮುಖ ಕಪ್ಪು, ಫ್ಲ್ಯಾಶ್ ಇರಲಿ. ಎಸಿ ರೂಮಿಂದ ಕ್ಯಾಮೆರಾ ಸೀದಾ ಹೊರಗೆ ತಂದರೆ ಇಲ್ಲಿಯ ಸೆಕೆಗೆ ಲೆನ್ಸ್ ಮಂಜಾಗುತ್ತದೆ. ಚೀಲವನ್ನು ಮುಚ್ಚಿಕೊಂಡೇ ಸ್ವಲ್ಪ ಮೊದಲು ಹೊರಗಿಡಲಿ.

ಡ್ರೋನ್ ತರ್ತಾರಾ ಅಂತ ಮೊದಲೇ ಕೇಳಿ. ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಆಚೆ ಕೈಗಾ ಅಣುಸ್ಥಾವರ. 2021ರ ಡ್ರೋನ್ ನಿಯಮದ ಪ್ರಕಾರ ರೆಡ್ ಝೋನ್‌ನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ಡ್ರೋನ್ ನಕ್ಷೆಯಲ್ಲಿ ನಿಮ್ಮ ಹಾಲ್ ಎಲ್ಲಿ ಬರುತ್ತದೆ ನೋಡಿ, ಆಮೇಲೆ ದುಡ್ಡಿನ ಮಾತಾಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಗುಂಪು ಫೋಟೋ ಊಟಕ್ಕೆ ಮೊದಲೋ, ನಂತರವೋ?

ಸಿದ್ದಾಪುರದಿಂದ: ಮೊದಲೇ ಮುಗಿಸಿ. ಎಲೆಯಿಂದ ಎದ್ದ ಕೂಡಲೇ ದೂರದ ನೆಂಟರು ಬಸ್ಸಿಗೆ ಹೊರಡ್ತಾರೆ. ಎರಡೂ ಕಡೆಯವರ ಗುರುತಿರುವ ಅತ್ತೆಯೊಬ್ಬರಿಗೆ ಹೆಸರು ಹಿಡಿದು ಕರೆಯುವ ಕೆಲಸ ಕೊಡಿ. ಅಜ್ಜ-ಅಜ್ಜಿಯರನ್ನು ಎಲ್ಲರಿಗಿಂತ ಮೊದಲು ಕರೆಯಲಿ, ಅವರಿಗೆ ಕುರ್ಚಿ ಹಾಕಿಸಿ.