ಕನ್ನಡ ಪದ ಬೇಕು: ‘ನೋಟರೈಸ್ಡ್’, ‘ಇ-ಸೈನ್’ (ಸಂಜೆ ಅಚ್ಚಿಗೆ ಹೋಗಬೇಕು)

ಪುಣೆಯಿಂದ:
ಊರಿಂದ ಕೆಲಸಕ್ಕೆ ಬರುವ ಹುಡುಗರಿಗೆ ಬಾಡಿಗೆ ಮನೆ ಬಗ್ಗೆ ಒಂದು ಹಾಳೆ ಮಾಡುತ್ತಿದ್ದೇವೆ. ಇಲ್ಲಿ ಕೆಲವು ಏಜೆಂಟರು ‘ನೋಟರೈಸ್ಡ್ ಅಗ್ರಿಮೆಂಟ್ (ನೋಟರಿ ಸೀಲು ಒತ್ತಿದ ಕರಾರು) ಸಾಕು’ ಅನ್ನುತ್ತಾರೆ. ಸಾಲದು. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿ ಬಾಡಿಗೆ ಮನೆಗೆ ಮಾಡಿಕೊಳ್ಳುವ ಒಪ್ಪಂದ) ನೋಂದಣಿ ಆಗಲೇಬೇಕು, ಮಾಡಿಸುವ ಹೊಣೆ ಮನೆ ಮಾಲೀಕರದು. ಈಗ ಅದು ಮನೆಯಲ್ಲೇ ಆಗುತ್ತದೆ. ಏಜೆಂಟ್ ಲ್ಯಾಪ್‌ಟಾಪ್ ತರುತ್ತಾನೆ, ಪುಟ್ಟ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಆಧಾರ್ ಜತೆ ತಾಳೆ ನೋಡುತ್ತದೆ. ಇದನ್ನೇ ‘ಇ-ಸೈನ್’ ಅನ್ನುತ್ತಿದ್ದೇವೆ. ನೋಟರಿಯ ಗುಂಡು ಸೀಲೇ ಬೇರೆ, ಇದೇ ಬೇರೆ. ಎರಡಕ್ಕೂ ‘ದೃಢೀಕೃತ’ ಅಂತ ಹಾಕಿದರೆ ಗೊಂದಲ, ಅಲ್ವಾ? ಇನ್ನು ‘ಇ-ಸಹಿ’ ಅಂದರೆ ‘ಈ ಸಹಿ’ ಅಂತ ಕೇಳಿಸುತ್ತೆ!

ಡೊಂಬಿವಲಿಯಿಂದ:
ನೋಟರಿಗೆ ‘ನೋಟಗಾರ’ ಅನ್ನಿ. ಎದುರಿಗೆ ಕೂರಿಸಿಕೊಂಡು ಮುಖ ನೋಡಿ ಸೀಲು ಒತ್ತುವವನು. ಸಹಿಗೆ ‘ಒಪ್ಪ’. ವಿಜಯನಗರದ ಶಾಸನಗಳ ಕೊನೆಗೆ ‘ಶ್ರೀ ವಿರೂಪಾಕ್ಷ’ ಅಂತ ಇರುವುದು ಅದೇ. ‘ಸಹಿ’ ಅರಬ್ಬಿ, ಬಿಡಿ.

ಮಾಟುಂಗದಿಂದ:
ನೋಟಗಾರ ಅಂದರೆ ನಾಣ್ಯ ಪರೀಕ್ಷಿಸುವವನು, ಸ್ವಾಮಿ. ನಿಘಂಟು ತೆಗೆದು ನೋಡಿ. ನೋಟರಿ ಲ್ಯಾಟಿನ್‌ನಿಂದ ಬಂದದ್ದು, ನಮ್ಮ ‘ನೋಟ’ಕ್ಕೂ ಅದಕ್ಕೂ ನಂಟಿಲ್ಲ. ‘ನೋಟರಿ ಮಾಡಿಸಿದ’ ಅಂತ ಬರೆಯಿರಿ, ಸಾಕು.

ಮಡಗಾಂವದಿಂದ:
ಗೋವಾಕ್ಕೆ ಕಳಿಸುವುದಾದರೆ ಹುಷಾರು. ಇಲ್ಲಿ 2012ರ ಉತ್ತರಾಧಿಕಾರ ಕಾಯ್ದೆಯಲ್ಲಿ ‘ಸ್ಪೆಷಲ್ ನೋಟರಿ’ ಅಂತ ಬೇರೆಯೇ ಇದ್ದಾರೆ. ಅವರು ಸರ್ಕಾರಿ ಅಧಿಕಾರಿಗಳು, 1952ರ ನೋಟರಿ ಕಾಯ್ದೆಯ ವಕೀಲರಲ್ಲ. ಹಾಗೇ ಉಯಿಲಿಗೆ ಡಿಜಿಟಲ್ ಸಹಿ ನಡೆಯದು. 2000ದ ಐಟಿ ಕಾಯ್ದೆಯೇ ಅದನ್ನು ಹೊರಗಿಟ್ಟಿದೆ. ಅದನ್ನೂ ಒಂದು ಸಾಲು ಸೇರಿಸಿ.

ಡೊಂಬಿವಲಿಯಿಂದ:
ಹೀಗೆ ಎಲ್ಲದಕ್ಕೂ ‘ಸಾಕು’ ಅಂದೇ ಕನ್ನಡ ಈ ಗತಿಗೆ ಬಂತು.

ಮಾಟುಂಗದಿಂದ:
ನೀವು ಇಷ್ಟು ಹೊತ್ತು ಸುಮ್ನೆ ಒಪ್ಪಿಕೊಂಡಿರುವ ‘ನೋಂದಣಿ’ ಮರಾಠಿಯದು. ‘ಕರಾರು’ ಅರಬ್ಬಿ. ಅವನ್ನೂ ಬಿಡೋಣವೇ?

ಪುಣೆಯಿಂದ:
ಜಗಳ ಮುಂದುವರಿಸಿ, ನಾನು ಹೊರಟೆ. ‘ನೋಟರಿ ಸೀಲು ಇದ್ದರೆ ಸಾಲದು, ಆನ್‌ಲೈನ್ ನೋಂದಣಿಯ ಪ್ರತಿ ಕೇಳಿ ಪಡೆಯಿರಿ’ ಅಂತ ಹಾಕಿದ್ದೇನೆ. ‘ಇ-ಸಹಿ’ ತೆಗೆದು ‘ಆಧಾರ್ ಹೆಬ್ಬೆಟ್ಟು’ ಅಂತ ಮಾಡಿದೆ.

ಡೊಂಬಿವಲಿಯಿಂದ:
‘ಪ್ರತಿ’ ಸಂಸ್ಕೃತ.